ನೆಗೊರೊ ಅವರ ಖಾನೆಯಲ್ಲಿ ಉಳಿದ ಹೆಸರುಗಳು

ಕಳೆದ ಅಕ್ಟೋಬರಿನಲ್ಲಿ ತೀರಿಕೊಂಡ ನೆಗೊರೊ ತೊಕುಜಿಯವರ ಬಗ್ಗೆ ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಬರಬೇಕಾದಂಥ ಕೆಲಸವನ್ನು ಅವರು ಮಾಡಿರಲೂ ಇಲ್ಲ ಬಿಡಿ. ಅರವತ್ತು ಚಿಲ್ಲರೆ ವರ್ಷ ಒಂದೇ ಅಂಗಡಿಯಲ್ಲಿ, ಒಂದೇ ಮಣೆಯ ಮುಂದೆ ಕೂತು, ಇಲ್ಲಿ ಜನ ಸಹಿಯ ಬದಲು ಒತ್ತುವ ಹೆಸರಿನ ಮೊಹರು ಕೆತ್ತಿದರು. ಮದುವೆಯಾಗಲಿಲ್ಲ. ಬೆಕ್ಕು ಸಾಕಿದರು, ಅದು ಅವರಿಗಿಂತ ಮುಂಚೆ ಸತ್ತಿತು. ಅವರ ಅಂಗಡಿಯ ಎದುರಿಗೆ ನನ್ನ ಇಸ್ತ್ರಿ ಅಂಗಡಿ. ಮೂವತ್ತು ವರ್ಷ ನಾನು ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತಿದಾಗಲೆಲ್ಲ ಮೊದಲು ಕಂಡದ್ದು ಆ ಬಗ್ಗಿದ ಬೋಳು ತಲೆ. ಅವರ ಬಗ್ಗೆ ಬರೆಯುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ. ಋಣವೂ ನನ್ನದೇ, ನನ್ನ ತಾಯಿಯದು ನನಗಿಂತ ಒಂದು ತೂಕ ಹೆಚ್ಚು.

ನಮ್ಮ ಕೊಬುನೆ ಪೇಟೆ ಕಾಲುವೆಯ ಪಕ್ಕದ್ದು. ತಾತಂದಿರ ಕಾಲದಲ್ಲಿ ಕೊರಿಯದ ಜೆಜು ದ್ವೀಪದಿಂದ ಹಡಗಿನಲ್ಲಿ ಜಪಾನಿಗೆ ಬಂದವರ ಮಕ್ಕಳು ಮೊಮ್ಮಕ್ಕಳು ನಾವು. ಇಲ್ಲೇ ಹುಟ್ಟಿದ್ದೇವೆ, ಇಲ್ಲಿಯ ತೆರಿಗೆ ಕಟ್ಟಿದ್ದೇವೆ, ಓಟು ಮಾತ್ರ ಇಲ್ಲ. ಓಟಿನ ಬದಲು ಎರಡೆರಡು ಹೆಸರುಗಳಿವೆ. ಬಾಗಿಲ ಮೇಲೆ, ಶಾಲೆಯಲ್ಲಿ, ಬ್ಯಾಂಕಿನಲ್ಲಿ ಜಪಾನಿ ಹೆಸರು, ಹಿರಿಯರಿಗೆ ಎಡೆ ಇಡುವ ದಿನ ಕೊರಿಯದ ಹೆಸರು. ನಾನು ಹೊರಗೆ ಕುರೊಹಾರ ಅಕೆಮಿ, ಒಳಗೆ ಹ್ಯೊನ್ ಮ್ಯೊಂಗ್-ಹಿ. ನನ್ನ ತಾಯಿಯನ್ನು ನಾವು ಕರೆಯುವುದು ಒಮೊನಿ ಎಂದು. ಹೊರಗೆ ಅವಳು ಕುರೊಹಾರ ಹರುಕೊ. ಅವಳ ಒಳಗಿನ ಹೆಸರು ಪು ಚುನ್-ಜಾ ಎಂಬುದನ್ನು ನಾನು ಬಾಯಿಬಿಟ್ಟು ಹೇಳಿದ್ದು ನನ್ನ ಜೀವಮಾನದಲ್ಲಿ ಹತ್ತು ಸಲವೂ ಇರಲಿಕ್ಕಿಲ್ಲ.

ನನಗೆ ಎಂಟು ವರ್ಷವಾಗಿದ್ದಾಗ ಅಪ್ಪ ಈ ದೇಶದ ಪ್ರಜೆಯಾಗಲು ಅರ್ಜಿ ಹಾಕಲು ಹೊರಟ. ಹೆಸರು ಜಪಾನಿಯದಾದರೆ ಕೆಲಸ ಸಲೀಸು ಎಂದು ಯಾರೋ ಕಿವಿಯಲ್ಲಿ ಊದಿದರು. ಅಪ್ಪನ ಹತ್ತಿರ ಕೋಣದ ಕೊಂಬಿನ ಒಂದು ಮೊಹರಿತ್ತು, ನಮ್ಮ ತಾತ ದ್ವೀಪದಿಂದ ಸೊಂಟಕ್ಕೆ ಕಟ್ಟಿಕೊಂಡು ತಂದದ್ದು. ಅದರ ಮೇಲೆ 'ಹ್ಯೊನ್' ಎಂಬ ಒಂದೇ ಅಕ್ಷರ. ಹಳೆಯ ಮೊಹರಿನ ಮುಖವನ್ನು ಸಾಣೆಗಲ್ಲಿನ ಮೇಲೆ ತಿಕ್ಕಿ, ನುಣ್ಣಗೆ ಮಾಡಿ, ಹೊಸ ಹೆಸರು ಕೆತ್ತಿಸುವುದು ಇಲ್ಲಿ ಎಲ್ಲರೂ ಮಾಡುವ ಕೆಲಸ. ಕೊಂಬು ದುಬಾರಿ, ಬಿಸಾಡುವವರು ಯಾರು? ಅಪ್ಪ ಅದನ್ನು ನೆಗೊರೊ ಅವರ ಮುಂದಿಟ್ಟ. ಅವರಿಗೆ ಆಗ ಮೂವತ್ತನಾಲ್ಕು. ತಿಕ್ಕಿದರು, 'ಕುರೊಹಾರ' ಎಂದು ಕೆತ್ತಿಕೊಟ್ಟರು. ಎಂಟು ತಿಂಗಳಿಗೆ ಅರ್ಜಿ ಹಿಂದಕ್ಕೆ ಬಂತು. ಕಾರಣ ಬರೆದಿರಲಿಲ್ಲ. ಪ್ರಜೆಯೂ ಆಗಲಿಲ್ಲ, ತಾತನ ಮೊಹರೂ ಉಳಿಯಲಿಲ್ಲ. ಅಪ್ಪ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ, ಕುಡಿದಾಗ ಮಾತ್ರ ಖಾಲಿ ಅಂಗೈಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದ.

ಆ ವರ್ಷದಿಂದ ನೆಗೊರೊ ಅವರಿಗೆ ಒಂದು ಚಟ ಅಂಟಿಕೊಂಡಿತು. ಕೊಬುನೆಯವರು ಯಾರಾದರೂ ಹೊರಗಿನ ಹೆಸರಿನ ಮೊಹರು ಮಾಡಿಸಲು ಹೋದರೆ ಅದನ್ನು ಕೆತ್ತಿಕೊಟ್ಟ ಮೇಲೆ, ಉಳಿದ ಮರದ ತುಂಡಿನಲ್ಲಿ ಇನ್ನೊಂದನ್ನು ಕೆತ್ತಿ, ಕಾಗದದಲ್ಲಿ ಸುತ್ತಿ ಪಕ್ಕದಲ್ಲಿಡುತ್ತಿದ್ದರು. ಒಳಗಿನ ಹೆಸರಿನದು. "ಮರ ಮಿಕ್ಕಿತ್ತು" ಎಂದಷ್ಟೇ ಹೇಳುತ್ತಿದ್ದರು. ಒಳಗಿನ ಹೆಸರು ಅವರಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಬೇಡಿ. ಬೀದಿಯಲ್ಲಿ ಅರವತ್ತು ವರ್ಷ ಬಾಯಿ ಮುಚ್ಚಿಕೊಂಡು ಕೂತವನಿಗೆ ಎಲ್ಲವೂ ಕೇಳಿಸುತ್ತದೆ. ಕೆಲವರು ತೆಗೆದುಕೊಂಡರು. ಹೆಚ್ಚಿನವರು ಬಿಸಿ ಕೆಂಡ ಕಂಡ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಒಮೊನಿಯಂತೂ ಮುಖಕ್ಕೇ ಹೇಳಿದ್ದಳು, "ಒಂದು ಹೆಸರಿಗೆ ಬೈಸಿಕೊಳ್ಳೋದೇ ಸಾಕಾಗಿದೆ, ಎರಡನೇದು ನಿಮ್ಮ ಹತ್ರಾನೇ ಇರ್ಲಿ." ನಾನೂ ಮದುವೆಯ ವರ್ಷ ಬೇಡವೆಂದಿದ್ದೆ. ಒಯ್ಯದ ಮೊಹರುಗಳನ್ನು ಅವರು ಏನು ಮಾಡುತ್ತಾರೆ ಎಂದು ನಾವು ಯಾರೂ ಯೋಚಿಸಲಿಲ್ಲ.

ಹಾಗೆಂದು ನಮಗೂ ಅವರಿಗೂ ಬಳಕೆ ಇರಲಿಲ್ಲವೆಂದಲ್ಲ. ತಿಂಗಳಿಗೊಂದು ಡಬ್ಬಿ ಒಮೊನಿಯ ಮೂಲಂಗಿ ಕಿಮ್ಚಿ ಉಪ್ಪಿನಕಾಯಿ ರಸ್ತೆ ದಾಟಿ ಹೋಗುತ್ತಿತ್ತು, ತೊಳೆದ ಡಬ್ಬಿಯಲ್ಲಿ ನಾಲ್ಕು ಕಿತ್ತಳೆ ಬರುತ್ತಿದ್ದವು. ಆ ಡಬ್ಬಿ ಓಡಾಡುವುದು ನಿಂತದ್ದು ಒಂದೇ ಸಲ, ತಾಯ್ನೆಲ ಶುದ್ಧಿ ಸಂಘದ ಕಾರಣಕ್ಕೆ.

ಆ ಸಂಘದವರು ಮೊದಲು ವರ್ಷಕ್ಕೊಮ್ಮೆ ಬಂದರು, ಆಮೇಲೆ ತಿಂಗಳಿಗೆರಡು ಭಾನುವಾರ. ಕಾಲುವೆ ಪಾರ್ಕಿನಲ್ಲಿ ಸೇರುವುದು, ಧ್ವನಿವರ್ಧಕ ಹಿಡಿದು ನಮ್ಮ ಬೀದಿಗೆ ನುಗ್ಗುವುದು. "ಹುಳಗಳೇ, ಕಾಲುವೆಗೆ ಬೀಳಿ." "ಕೊಬುನೆಗೆ ಔಷಧಿ ಹೊಡೆಯಿರಿ." ಪೊಲೀಸರು ಅವರ ಎರಡೂ ಕಡೆ ಸಾಲಾಗಿ ನಡೆಯುತ್ತಿದ್ದರು, ಅವರ ಮೆರವಣಿಗೆಗೆ ಅನುಮತಿ ಇತ್ತಲ್ಲ. ಶಾವಿಗೆ ಅಂಗಡಿಯ ಕೊ ಅಜ್ಜನೊಬ್ಬನೇ ನಮ್ಮಲ್ಲಿ ಬಾಗಿಲಿಗೆ ನಿಜವಾದ ಹೆಸರು ಹಾಕಿದ್ದವನು. ಒಂದು ಸೋಮವಾರ ಬೆಳಿಗ್ಗೆ ಅವನ ಷಟರಿನ ಮೇಲೆ ಕೆಟ್ಟ ಬರಹ ಬಳಿದಿತ್ತು. ಅವನೂ ಫಲಕ ಬಿಚ್ಚಿ ಹೊರಗಿನ ಹೆಸರಿಗೆ ಬದಲಾದ. ನಾನು ನನ್ನ ಬಾಗಿಲ ಮೇಲಿನ 'ಕುರೊಹಾರ' ಫಲಕವನ್ನು ಒರೆಸಿ ಹೊಳಪು ಮಾಡಿದೆ. ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ.

ಒಂದು ದಿನ ಸೂಟು ಹಾಕಿದ ಇಬ್ಬರು ಯುವಕರು ನೆಗೊರೊ ಅಂಗಡಿಗೆ ಬಂದರು. ತುಂಬಾ ವಿನಯದವರು, ಚಪ್ಪಲಿ ಜೋಡಿಸಿಟ್ಟು ಕೂತರು. ವಾರ ಕಳೆದ ಮೇಲೆ ಒಮೊನಿ ಕಿಮ್ಚಿ ಡಬ್ಬಿ ಹಿಡಿದು ಹೋದಾಗ ಮಣೆಯ ಮೇಲೆ ದೊಡ್ಡ ದುಂಡು ಮೊಹರೊಂದು ಒಣಗುತ್ತಿತ್ತು. ಸಂಘ ಸಂಸ್ಥೆಗಳು ಸಭಾಂಗಣ ಬಾಡಿಗೆಗೆ ಹಿಡಿಯಲು ಬೇಕಾಗುವಂಥದ್ದು. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿದ್ದರೂ ಒಮೊನಿಗೆ ಓದಲು ಬಂತು. ಅಂದು ನಾನು ಬಾಗಿಲಲ್ಲೇ ಇದ್ದೆ.

"ಇದು ಯಾರ್ದು?"

"ಗಿರಾಕಿದು."

"ಗಿರಾಕಿಗೆ ಹೆಸರಿಲ್ವಾ?"

"ಇದೆ. ಗಿರಾಕಿ ಹೆಸರು ನಾನು ಯಾರಿಗೂ ಹೇಳಲ್ಲ ಹರುಕೊ-ಸಾನ್. ನಿಮ್ಮದೂ ಹೇಳಿಲ್ಲ."

"ಭಾನುವಾರ ನನ್ನ ಬಾಗಿಲಿಗೆ ಬಂದು ಹುಳ ಅಂತಾರಲ್ಲ, ಅವರಿಗೆ ಮೊಹರು ಮಾಡ್ಕೊಡ್ತೀರಾ?"

ನೆಗೊರೊ ಉಳಿ ಕೆಳಗಿಟ್ಟರು. "ಅವರ ಸಂಘ ಕೂಡದು ಅಂತ ಕಾನೂನು ಹೇಳಿದ ದಿನ ನಾನೂ ಕೂಡದು ಅಂತೀನಿ. ನನಗೆ ಹಿಡಿಸ್ಲಿಲ್ಲ ಅಂತ ನಾನೇ ಶುರು ಮಾಡಿದ್ರೆ ಹೇಗೆ? ನಿಮ್ಮ ಹೆಸರು ಕೆತ್ತಲ್ಲ ಅಂದ ಅಂಗಡಿಗಳು ಈ ಊರಲ್ಲಿ ನಾಲ್ಕಿದ್ವು. ಅವರಿಗೂ ಹಿಡಿಸಿರ್ಲಿಲ್ಲ, ಅಷ್ಟೇ."

"ನ್ಯಾಯ ಚೆನ್ನಾಗಿದೆ. ದೊಣ್ಣೆ ಕೊಡೋದೂ ನೀವೇ, ಮುಲಾಮು ಹಚ್ಚೋದೂ ನೀವೇ." ಒಮೊನಿ ಡಬ್ಬಿಯನ್ನು ಕಂಕುಳಿಗೆ ಸೇರಿಸಿಕೊಂಡು ಮರಳಿದಳು. ಆಮೇಲೆ ಎಂಟು ತಿಂಗಳು ಡಬ್ಬಿ ರಸ್ತೆ ದಾಟಲಿಲ್ಲ. ಅವರು ಮಧ್ಯಾಹ್ನ ಬರಿಯ ಅನ್ನಕ್ಕೆ ಉಪ್ಪು ಪ್ಲಮ್ ಹಚ್ಚಿಕೊಂಡು ತಿನ್ನುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಪಾಪ ಅನ್ನಿಸುತ್ತಿತ್ತು, ಆದರೆ ಒಮೊನಿಯ ಮುಂದೆ ಪಾಪ ಎನ್ನುವ ಧೈರ್ಯ ಯಾರಿಗಿದೆ?

ಅದೇ ಹೊತ್ತಿಗೆ ನಗರಸಭೆಯಲ್ಲಿ ಈ ವಿಷಯ ಎದ್ದಿತು. ಒಬ್ಬ ಸದಸ್ಯರು ಆ ಸಂಘವನ್ನೇ ನಿಷೇಧಿಸಬೇಕು ಎಂದರು. ಸಂಘವನ್ನು ವಿಸರ್ಜಿಸುವ ಅಧಿಕಾರ ನಗರಕ್ಕಿಲ್ಲ ಎಂದು ಕಾನೂನು ಅಧಿಕಾರಿ ಹೇಳಿದರು. ಜನಾಂಗದ ಹೆಸರು ಹಿಡಿದು ಮತ್ತೆ ಮತ್ತೆ ಹೀಗಳೆಯುವ ಸಂಘದ ಹೆಸರನ್ನು ಸಾರ್ವಜನಿಕವಾಗಿ ಪ್ರಕಟಿಸಬಹುದು, ಪಾರ್ಕು ಸಭಾಂಗಣ ಕೊಡದಿರಬಹುದು, ಅದಕ್ಕೂ ಬಗ್ಗದಿದ್ದರೆ ದಂಡ ಹಾಕಿಸಬಹುದು ಎಂಬಲ್ಲಿಗೆ ಕರಡು ಬಂದು ನಿಂತಿತು. ಊರಿನವರು ಯಾರು ಬೇಕಾದರೂ ಅಭಿಪ್ರಾಯ ಬರೆದು ಕಳಿಸಬಹುದು, ಮನವಿ ಕೊಡಬಹುದು. ಅದಕ್ಕೆ ಓಟು ಬೇಕಿಲ್ಲ, ಹೆಸರು ವಿಳಾಸ ಮೊಹರು ಸಾಕು.

ನನಗೆ ಹುರುಪು ಬಂತು. ಬಟ್ಟೆ ಕೊಡಲು ಬಂದವರಿಗೆಲ್ಲ ಮನವಿ ತೋರಿಸಿದೆ, ಮನೆ ಮನೆ ತಿರುಗಿದೆ. ನೂರ ನಲವತ್ತಮೂರು ಮೊಹರುಗಳು ಬಿದ್ದವು. ನೆಗೊರೊ ಅವರ ಮುಂದಿಟ್ಟಾಗ ಅವರು ಕನ್ನಡಕ ಏರಿಸಿ ಹಾಳೆಗಳನ್ನು ಒಂದೊಂದಾಗಿ ನೋಡಿದರು. ಅಲ್ಲಿದ್ದ ಅರ್ಧಕ್ಕರ್ಧ ಅವರದೇ ಕೆಲಸ. ಏನೋ ಹೇಳಲು ಬಾಯಿ ತೆರೆದು ಸುಮ್ಮನಾದರು. ಆಗಲೇ ಕೇಳಿದ್ದರೆ ಚೆನ್ನಾಗಿತ್ತು. ಕೇಳುವ ವ್ಯವಧಾನ ನನಗೆಲ್ಲಿತ್ತು?

"ನೀವೇನು ಬರೆದ್ರಿ ನಗರಸಭೆಗೆ?" ಎಂದೆ.

"ಒಂದು ಸಾಲು." ಅವರು ನಕಲನ್ನು ತೋರಿಸಿದರು. 'ಒಂದೇ ಮೊಹರಿನಿಂದ ಬಾಯಿ ಮುಚ್ಚಿಸುವ ಕಾನೂನು ಬೇಡ, ಕಡಿಮೆಯೆಂದರೆ ಮೂರು ಮೊಹರು ಬೇಕು' ಎಂದಿತ್ತು.

"ಮೊಹರಿನ ವ್ಯಾಪಾರ ಕುದುರ್ಲಿ ಅಂತಾನಾ?"

ಅವರು ನಗಲಿಲ್ಲ. "ಇವತ್ತು ಅವರ ಬಾಯಿ ಮುಚ್ಚಿಸ್ತೀರಿ, ಸರಿ. ನಾಳೆ ಅವರ ಕಡೆಯವನೇ ಮೇಯರ್ ಆಗಿ ಕೂತ್ರೆ? ಮೇಜಿನ ಮೇಲೆ ಅದೇ ಮೊಹರು ಸಿದ್ಧ ಇರತ್ತೆ ಅಕೆಮಿ-ಸಾನ್. ಎದುರಿಗೆ ನೀವಿರ್ತೀರಿ."

ಇವರು ಯಾವ ಕಡೆ ಎಂದು ಆ ದಿನ ನನಗೆ ಸಿಟ್ಟೇ ಬಂದಿತ್ತು.

ಸಮಿತಿ ಸೇರಿದ ದಿನ ನಾನು ವೀಕ್ಷಕರ ಬೆಂಚಿನಲ್ಲಿದ್ದೆ. ಮಿನೆಗಿಶಿ ಎಂಬ ಸದಸ್ಯರು ಮನವಿಯನ್ನು ಕೈಯಲ್ಲಿ ಹಿಡಿದು ಎದ್ದರು. ಕೆಟ್ಟ ಮನುಷ್ಯರಲ್ಲ, ಅವರ ಅಂಗಿಗಳನ್ನು ಇಸ್ತ್ರಿ ಮಾಡುವವಳು ನಾನೇ. ಅವರು ಹೆಸರುಗಳನ್ನು ನಿಧಾನವಾಗಿ ಓದುತ್ತಾ ಹೋದರು. ಕುರೊಹಾರ, ಕಾನೆಮೊರಿ, ಯಾನಾಗಾವ, ತಾಕಾತೊ.

"ಸಂಘ ಕಟ್ಟೋದು, ಮೆರವಣಿಗೆ ಮಾಡೋದು ಎಲ್ಲರ ಹಕ್ಕು," ಎಂದರು. "ಅದನ್ನ ತಡೀಬೇಕಾದ್ರೆ ಪೆಟ್ಟು ತಿಂದವರು ಯಾರು ಅಂತ ನಾವು ನೋಡ್ಬೇಕಾಗತ್ತೆ. ಕೊರಿಯದವರನ್ನ ಹೀಗಳೀತಾರೆ ಅಂತ ದೂರು ಇದೆ. ಈ ಪಟ್ಟೀಲಿ ಕೊರಿಯದವರ ಹೆಸರು ಒಂದಾದ್ರೂ ಇದೆಯಾ? ನನಗೆ ಕಾಣ್ತಿಲ್ಲ. ಕೇಳಿದ್ದು ಹಿಡಿಸ್ಲಿಲ್ಲ ಅನ್ನೋ ನೂರ ನಲವತ್ತಮೂರು ಜನ ಇದ್ದಾರೆ. ಹಿಡಿಸ್ಲಿಲ್ಲ ಅಂತ ಯಾರ ಬಾಯೀನೂ ಮುಚ್ಚಿಸೋಕ್ಕಾಗಲ್ಲ."

ನನ್ನ ತಲೆಗೆ ರಕ್ತ ಏರಿತು. ಅಯ್ಯಾ, ಆ ಕುರೊಹಾರ ನಾನೇ ಎಂದು ಕೂಗಬೇಕೆನ್ನಿಸಿತು. ವೀಕ್ಷಕರು ಮಾತಾಡುವಂತಿಲ್ಲ. ಸುತ್ತ ನೋಡಿದರೆ ನಮ್ಮವರೆಲ್ಲ ತಮ್ಮ ತಮ್ಮ ಮೊಣಕಾಲು ನೋಡುತ್ತಿದ್ದರು. ಎಂಥ ಜಾಣರು ನಾವು! ನಮ್ಮನ್ನು ಬೈಯುತ್ತಾರೆ ಎಂದು ದೂರು ಕೊಟ್ಟಿದ್ದೆವು, ಅದರ ಕೆಳಗೆ ಅಭ್ಯಾಸಬಲದಿಂದ ನಾವಲ್ಲದವರ ಹೆಸರು ಒತ್ತಿದ್ದೆವು. ನೂರ ನಲವತ್ತಮೂರು ಜನರಲ್ಲಿ ಒಬ್ಬರಿಗೂ, ಮನೆ ಮನೆ ತಿರುಗಿದ ನನಗೂ, ಅದು ಹೊಳೆದಿರಲಿಲ್ಲ. ಅಧ್ಯಕ್ಷರು ಮೂರು ವಾರ ಕೊಟ್ಟರು. ಪೆಟ್ಟು ತಿಂದವರು ತಮ್ಮ ಹೆಸರಿನಲ್ಲಿ ಮುಂದೆ ಬಂದರೆ ಮನವಿ ನಿಲ್ಲುತ್ತದೆ, ಇಲ್ಲದಿದ್ದರೆ ಕರಡು ಬಿದ್ದುಹೋಗುತ್ತದೆ.

ಮನೆಗೆ ಬಂದು ಒಮೊನಿಗೆ ಹೇಳಿದೆ. ಅವಳು ಮೂಲಂಗಿ ಹೆಚ್ಚುವುದನ್ನು ನಿಲ್ಲಿಸದೆ ಅಂದಳು, "ಸರಿಯಾಗೇ ಕೇಳಿದಾನೆ ಬಿಡು. ಮನೇಲಿ ಯಾರೂ ಇಲ್ಲ ಅಂತ ಒಳಗಿಂದ ಕೂಗಿದ ಹಾಗಾಯ್ತು ನಮ್ಮ ಕಥೆ."

"ನೀನು ಹೆಸರು ಹಾಕ್ತೀಯಾ?"

"ನನಗೆ ಎಪ್ಪತ್ತೊಂಬತ್ತು. ಸುಖವಾಗಿ ಸಾಯೋಕ್ಕೆ ಬಿಡು. ಪಟ್ಟಿ ಅವರ ಕೈಗೆ ಸಿಕ್ಕಿದ್ರೆ ಕೊ ಅಜ್ಜನ ಷಟರಿಗೆ ಆಗಿದ್ದು ನನ್ನ ಮುಖಕ್ಕೆ ಆಗತ್ತೆ." ಅವಳ ಚಾಕು ಒಂದು ಕ್ಷಣ ತಪ್ಪು ಜಾಗದಲ್ಲಿ ಬಿತ್ತು. ನಾನು ಅವಳನ್ನು ಹೆದರಿದವಳೆಂದು ಅದುವರೆಗೆ ಕಂಡಿರಲಿಲ್ಲ.

ಸಿಟ್ಟು ತೀರಿಸಿಕೊಳ್ಳಲು ಯಾರಾದರೂ ಬೇಕಲ್ಲ, ರಸ್ತೆ ದಾಟಿ ನೆಗೊರೊ ಅವರ ಮೇಲೆ ಹಾರಿದೆ. ಹಾಳೆ ನೋಡಿದಾಗಲೇ ಗೊತ್ತಿತ್ತು ತಾನೇ, ಬಾಯಿ ಬಿಡಲು ಏನಾಗಿತ್ತು ಎಂದೆ. "ಹೆಸರು ಹೊರಗೆ ತೆಗೀರಿ ಅಂತ ಹೇಳೋಕ್ಕೆ ನಾನ್ಯಾರು?" ಎಂದರು. "ತಿಕ್ಕಿ ಹಾಕಿದವನು ನಾನು." ಆಮೇಲೆ ಒಳಗೆ ಹೋಗಿ ಅಗಲವಾದ ಒಂದು ಖಾನೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮಣೆಯ ಮೇಲಿಟ್ಟರು. ಒಳಗೆ ಸಣ್ಣ ಸಣ್ಣ ಗೂಡುಗಳು, ಗೂಡಿಗೊಂದು ಕಾಗದದ ಸುರುಳಿ. ನಲವತ್ತಾರು ವರ್ಷಗಳಿಂದ ನಾವು ಬೇಡವೆಂದ ಹೆಸರುಗಳಷ್ಟೂ ಅಲ್ಲಿದ್ದವು. ಕಾಗದ ಹಳದಿಯಾಗಿತ್ತು, ಮರ ಮಾತ್ರ ಎಣ್ಣೆ ಕಂಡು ಹೊಳೆಯುತ್ತಿತ್ತು. ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ ಮತ್ತೆ ಸುತ್ತಿಡುತ್ತಿದ್ದರಂತೆ, ಹುಳ ಹಿಡಿಯಬಾರದೆಂದು. ಅದನ್ನು ನೋಡಿ ನನಗೆ ಅಳು ಬಂತು. ಸುಮ್ಮನೆ ನಿಂತು ಅತ್ತೆ.

ಮಾರನೆಯ ದಿನ ಅಂಗಡಿಯ ಗಾಜಿನ ಮೇಲೆ ಒಂದು ಚೀಟಿ ಅಂಟಿತ್ತು. 'ಒಯ್ಯಲು ಮರೆತ ಮೊಹರುಗಳನ್ನು ಗಿರಾಕಿಗಳು ಬಂದು ಒಯ್ಯಬಹುದು.' ಅಷ್ಟೇ. ಹೊರಗಿನವರು ಓದಿದರೆ ಅಂಗಡಿಯವನ ಮಾಮೂಲು ಸೂಚನೆ. ನಮ್ಮವರಿಗೆ ಓದಿದ ಕೂಡಲೇ ಅರ್ಥವಾಯಿತು, ಹಾಗಾಗಿಯೇ ಎರಡು ದಿನ ಯಾರೂ ಆ ಕಡೆ ಸುಳಿಯಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಮೂರನೆಯ ದಿನ ನಾನೇ ಹೋದೆ. ಅವರು ಕೇಳದೆಯೇ ಒಂದು ಸುರುಳಿ ಎತ್ತಿ ಕೊಟ್ಟರು. 'ಹ್ಯೊನ್', ಒಂದೇ ಅಕ್ಷರ.

"ಅಪ್ಪನದರ ಹಾಗೇ ಇದೆಯಾ?"

"ಇಲ್ಲ. ಒಂದು ಮೊಹರನ್ನ ಎರಡು ಸಲ ಕೆತ್ತಬಾರದು, ನಮ್ಮ ಕಸುಬಲ್ಲಿ ಅದು ಕೂಡದು. ಅವರದು ಹೋಯ್ತು. ಇದು ನಿಮ್ಮದು."

ಆಮೇಲೆ ಜನ ಬರತೊಡಗಿದರು. ಮುಖಕ್ಕೆ ಮಾಸ್ಕು ಹಾಕಿಕೊಂಡು, ಬಿಸಿಲಿಗೂ ಕೊಡೆ ಹಿಡಿದುಕೊಂಡು, ಚಪ್ಪಲಿ ರಿಪೇರಿಗೆ ಹೊರಟವರ ಹಾಗೆ ಅತ್ತಿತ್ತ ನೋಡಿಕೊಂಡು. ನೆಗೊರೊ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಮುಖ ನೋಡುವುದು, ಗೂಡಿಗೆ ಕೈ ಹಾಕುವುದು, "ತಡವಾಯ್ತು, ಕ್ಷಮಿಸಿ" ಎಂದು ಬಗ್ಗಿ ಕೊಡುವುದು. ತಡ ಮಾಡಿದವರು ನಾವು, ಕ್ಷಮೆ ಕೇಳಿದವರು ಅವರು. ಸತ್ತವರ ಮೊಹರನ್ನು ಮಕ್ಕಳು ಒಯ್ದರು. ಒಬ್ಬ ಮುದುಕ ಬೀದಿಯಲ್ಲೇ ಕಾಗದ ಬಿಚ್ಚಿ, ಶಾಯಿಯಿಲ್ಲದೆ ತನ್ನ ಅಂಗೈಗೆ ಒತ್ತಿ ನೋಡಿಕೊಂಡ. ಮೂರನೆಯ ವಾರದ ಕೊನೆಗೆ ಹೊಸ ಮನವಿಯ ಮೇಲೆ ಅರವತ್ತೊಂದು ನಿಜವಾದ ಹೆಸರುಗಳು ಬಿದ್ದಿದ್ದವು. ಅರವತ್ತೊಂದು ಕಡಿಮೆಯೇ. ಆದರೆ ಸಮಿತಿಯ ಮುಂದೆ ನಿಂತು ಮಾತಾಡಲು ಒಬ್ಬರು ಬೇಕಿತ್ತು, ಆ ಒಬ್ಬರು ಮಾತ್ರ ಸಿಕ್ಕಿರಲಿಲ್ಲ. ನಾನು ಒಪ್ಪಿದ್ದೆ. ನನಗೆ ಸಿಟ್ಟು ಬಂದರೆ ಮಾತು ತೊದಲುತ್ತದೆ ಎಂದು ಎಲ್ಲರಿಗೂ ಗೊತ್ತು, ನನ್ನನ್ನು ಕಳಿಸಲು ಯಾರಿಗೂ ಧೈರ್ಯವಿರಲಿಲ್ಲ.

ಸಮಿತಿಯ ಹಿಂದಿನ ದಿನ ಮಧ್ಯಾಹ್ನ ಒಮೊನಿ ಏಪ್ರನ್ ಬಿಚ್ಚಿದಳು. ಕಪಾಟಿನಿಂದ ಆ ಡಬ್ಬಿ ತೆಗೆದಳು, ತುಂಬಿದಳು, ನನ್ನ ಕಡೆ ನೋಡದೆ ರಸ್ತೆ ದಾಟಿದಳು. ನಾನು ಹಿಂದೆಯೇ ಹೋದೆ.

"ನಂದು ಇದೆಯಾ?" ಎಂದಳು.

ಅವರು ಖಾನೆಯ ಮೂಲೆಯ ಗೂಡಿನಿಂದ ತೆಗೆದುಕೊಟ್ಟರು. ಅದೇ ಎಲ್ಲಕ್ಕಿಂತ ಹಳೆಯದು, ಮೊದಲು ಕೆತ್ತಿದ್ದು. ಒಮೊನಿ ಬಿಚ್ಚಿ ಬೆಳಕಿಗೆ ಹಿಡಿದಳು. 'ಪು'. ಅಪ್ಪ ಅರ್ಜಿ ಹಾಕಿದ ವರ್ಷದ್ದು. ನೆಗೊರೊ ಮಣೆ ಬಿಟ್ಟು ಕೆಳಗಿಳಿದು, ನೆಲದ ಮೇಲೆ ಮಂಡಿಯೂರಿ ತಲೆ ಬಗ್ಗಿಸಿದರು.

"ನಿಮ್ಮ ಯಜಮಾನ್ರ ಹೆಸರನ್ನ ತಿಕ್ಕಿದ್ದು ಈ ಕೈ. ಗಿರಾಕಿ ಹೇಳಿದ್ರು, ತಿಕ್ಕಿದೆ. ಕಾನೂನು ತಪ್ಪಿರ್ಲಿಲ್ಲ. ಆದ್ರೂ ತಪ್ಪಾಯ್ತು ಅಂತ ಗೊತ್ತಾಗೋಕ್ಕೆ ಎಂಟು ತಿಂಗಳು ಹಿಡೀತು. ಆ ಸಂಘದ ಮೊಹರೂ ಹಾಗೇ. ಕಾನೂನು ಕೂಡದು ಅನ್ನೋವರೆಗೂ ಕಾಯ್ತೀನಿ ಅಂದೆ. ಕಾನೂನು ತಾನಾಗೇ ಎದ್ದು ಬರಲ್ಲ, ಯಾರಾದ್ರೂ ಹೋಗಿ ಎಬ್ಬಿಸ್ಬೇಕು, ಎಬ್ಬಿಸೋರಿಗೆ ಪೆಟ್ಟು ಬೀಳತ್ತೆ. ಅದನ್ನ ನಾನು ಯೋಚ್ನೆ ಮಾಡ್ಲಿಲ್ಲ."

ಒಮೊನಿ ಡಬ್ಬಿಯನ್ನು ಮಣೆಯ ಮೇಲಿಟ್ಟಳು. ಅವಳಿಗೆ ಕ್ಷಮಿಸುವ ಅಭ್ಯಾಸ ಕಡಿಮೆ. "ಎದ್ದೇಳಿ, ಮೊಣಕಾಲು ಹಿಡ್ಕೊಳ್ಳತ್ತೆ," ಎಂದಳು ಕೊನೆಗೆ. "ಮೂಲಂಗಿ ಹುಳಿ ಬಂದಿದೆ, ಇವತ್ತೇ ತಿನ್ನಿ. ನಾಳೆ ನೀವೂ ಬರ್ಬೇಕು. ನಾನು ಮಾತಾಡ್ವಾಗ ಎದುರಿಗೆ ಒಂದು ಗುರ್ತಿನ ಮುಖ ಇರ್ಲಿ. ನನ್ನ ಮಗಳದ್ದು ಬೇಡ, ಅವಳು ಅಳ್ತಾಳೆ."

"ಬರ್ತೀನಿ, ಪು-ಸಾನ್."

ಆ ಹೆಸರಿನಿಂದ ಈ ದೇಶದಲ್ಲಿ ಮನೆಯಾಚೆಯವರು ಯಾರೂ ಅವಳನ್ನು ಕರೆದಿರಲಿಲ್ಲ. ಒಮೊನಿಗೆ ಹಾಂ ಎನ್ನಲು ಒಂದು ಗಳಿಗೆ ಬೇಕಾಯಿತು.

ಮರುದಿನ ಅವಳು ಹೇಳಿದ್ದು ಇಷ್ಟು. ನಾನು ಬರೆದುಕೊಟ್ಟ ಭಾಷಣ ಅವಳ ಚೀಲದಲ್ಲೇ ಉಳಿಯಿತು.

"ನನ್ನ ಹೆಸರು ಪು ಚುನ್-ಜಾ. ಕುರೊಹಾರ ಹರುಕೊ ಅನ್ನೋ ಹೆಸರಲ್ಲಿ ಇಪ್ಪತ್ತಾರು ವರ್ಷ ಈ ಊರಿನ ಶಾಲೆ ಅಡುಗೆಮನೇಲಿ ದುಡಿದೆ. ಮಿನೆಗಿಶಿ-ಸಾನ್, ನೀವು ಎರಡನೇ ಸಲ ಪಲ್ಯ ಕೇಳ್ತಿದ್ದ ಹುಡುಗ, ನನಗೆ ನೆನಪಿದೆ. ಭಾನುವಾರ ನನ್ನ ಬಾಗಿಲಿಗೆ ಬಂದು ಹುಳ ಅಂತಾರೆ. ಆ ಬಾಗಿಲ ಹಿಂದೆ ಇರೋದು ನಾನು ಅಂತ ಅವರಿಗೆ ಗೊತ್ತಿಲ್ಲ, ಬಾಗಿಲ ಮೇಲೆ ಬೇರೆ ಹೆಸರಿದೆ. ಪೆಟ್ಟು ತಿಂದವರು ಯಾರು ಅಂತ ನೀವು ಕೇಳಿದ್ರಿ. ಕೇಳಿದ್ದು ಸರಿ. ನಾನು. ಇವತ್ತಿಂದ ಅವರಿಗೂ ಗೊತ್ತಾಗತ್ತೆ. ನನಗೆ ಭಯ ಇದೆ. ನನಗೆ ಓಟಿಲ್ಲ, ಹಾಗಾಗಿ ನಿಮಗೆ ಕೊಡೋಕ್ಕೆ ನನ್ನ ಹತ್ರ ಇದ್ದದ್ದು ಹೆಸರೊಂದೇ. ಕೊಟ್ಟಿದೀನಿ. ಇನ್ನು ನೀವು ನೋಡ್ಕೊಳ್ಳಿ."

ಮಿನೆಗಿಶಿ ಬಹಳ ಹೊತ್ತು ಹಾಳೆಗಳನ್ನು ಮಗುಚುತ್ತಿದ್ದರು. ಮತ್ತೆ ಎದ್ದು ಒಂದೇ ತಿದ್ದುಪಡಿ ಕೇಳಿದರು. ಯಾವ ಸಂಘದ ಮೇಲಾದರೂ ಕ್ರಮ ಕೈಗೊಳ್ಳುವ ಮೊದಲು, ನಗರಸಭೆಗೆ ಸೇರದ ಮೂವರು ನೋಡಿ ಒಪ್ಪಬೇಕು, ಮೇಯರ್ ಒಬ್ಬರೇ ತೀರ್ಮಾನಿಸಬಾರದು. ಊರಿನವರು ಬರೆದ ಅಭಿಪ್ರಾಯಗಳಲ್ಲೂ ಹಾಗೆ ಕೇಳಿದವರಿದ್ದಾರೆ ಎಂದರು. ನಾನು ನೆಗೊರೊ ಕಡೆ ನೋಡಿದೆ. ಅವರು ಬಗ್ಗಿ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಆ ತಿದ್ದುಪಡಿ ಸೇರಿಸಿ ಕಾನೂನು ನಾಲ್ಕು ಮತಗಳ ಅಂತರದಲ್ಲಿ ಪಾಸಾಯಿತು. ಮಿನೆಗಿಶಿ ಪರವಾಗಿ ಕೈ ಎತ್ತಿದರು. ಈಗ ಅವರ ಅಂಗಿಯ ಕಾಲರಿಗೆ ನಾನು ಎರಡು ಸಲ ಇಸ್ತ್ರಿ ಹಾಕುತ್ತೇನೆ.

ಆ ಸಂಘ ಸತ್ತಿತೆಂದು ತಿಳಿಯಬೇಡಿ. ಇನ್ನೊಂದು ಸಲ ಪಾರ್ಕು ಕೇಳಿತು, ಆ ಮೂವರು ತಿಂಗಳುಗಟ್ಟಲೆ ಕೂತು, ಅವರ ವಾದವನ್ನೂ ಕೇಳಿ, ಕೊಡಬಾರದೆಂದರು. ಆಗ ಎಷ್ಟು ನಿಧಾನ ಎಂದು ಹಲ್ಲು ಕಡಿದೆ, ಈಗ ಆ ನಿಧಾನಕ್ಕೇ ಕೈ ಮುಗಿಯುತ್ತೇನೆ. ಅವರ ದುಂಡು ಮೊಹರು ಎಲ್ಲೋ ಯಾರದೋ ಮೇಜಿನಲ್ಲಿದೆ, ಅದನ್ನು ಯಾವ ಕಾನೂನೂ ತಿಕ್ಕಿ ಹಾಕಲಿಲ್ಲ. ಆದರೆ ಆ ತೀರ್ಮಾನದ ಮುಂದಿನ ಭಾನುವಾರ ನಮ್ಮ ಬೀದಿಯಲ್ಲಿ ಹಕ್ಕಿಗಳ ಸದ್ದಿತ್ತು. ನಾವು ಹೊದಿಕೆಗಳನ್ನು ಹೊರಗೆ ಬಿಸಿಲಿಗೆ ಹಾಕಿದೆವು. ಒಮೊನಿಯ ಮುಖಕ್ಕೆ ಯಾರೂ ಏನೂ ಬಳಿಯಲಿಲ್ಲ. ಎರಡು ಕೆಟ್ಟ ಪತ್ರಗಳು ಬಂದವು. ಎಪ್ಪತ್ತಕ್ಕೂ ಹೆಚ್ಚು ಒಳ್ಳೆಯ ಪತ್ರಗಳು ಬಂದವು, ಅವಳ ಅಡುಗೆ ತಿಂದು ಬೆಳೆದವರದು. ನೆಗೊರೊ ಅವರು ನಮ್ಮ ಬಾಗಿಲಿಗೆ ಫಲಕ ಕೆತ್ತಿಕೊಟ್ಟರು, ಮೇಲೆ 'ಪು', ಕೆಳಗೆ 'ಹ್ಯೊನ್'. ವಯಸ್ಸಾಗಿತ್ತು, ಅಕ್ಷರ ತುಸು ವಾರೆ. ಬದಲಿಸಿಕೊಡುತ್ತೇನೆ ಎಂದರು, ಒಮೊನಿ ಬಿಡಲಿಲ್ಲ. ಡಬ್ಬಿ ಮತ್ತೆ ಓಡಾಡಿತು, ಕಿತ್ತಳೆ ಬಂದವು, ಅವರ ಕಡೆಯ ತಿಂಗಳವರೆಗೂ.

ಶವಸಂಸ್ಕಾರ ಕೊಬುನೆಯ ಸಮುದಾಯ ಭವನದಲ್ಲಿ ನಡೆಯಿತು. ಅವರ ತಮ್ಮನ ಮಗಳು ಸೆಂದೈ ಊರಿನಿಂದ ಬಂದಿದ್ದಳು, ಬಾಗಿಲಲ್ಲಿ ಹೆಸರು ಬರೆಸಿಕೊಳ್ಳುವ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ನಾವು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಬರೆದೆವು. ಕೊ, ಯಾಂಗ್, ಹ್ಯೊನ್, ಮೂನ್, ಮತ್ತೆ ಕೊ. ಬರೆದು, ಪಕ್ಕದಲ್ಲಿ ಅವರೇ ಕೆತ್ತಿದ ಮೊಹರು ಒತ್ತಿದೆವು. ಹಾಗೆ ಒತ್ತುವ ಪದ್ಧತಿ ಏನೂ ಇಲ್ಲ, ನಮಗೆ ಬೇಕೆನ್ನಿಸಿತು. ಖಾನೆಯಲ್ಲಿ ಅಷ್ಟು ವರ್ಷ ಉಳಿದುಹೋಗಿದ್ದವರೆಲ್ಲ ಆ ಪುಸ್ತಕಕ್ಕೆ ಬಂದು ಸೇರಿದರು. ಎಂಬತ್ತೈದರ ಒಮೊನಿ ನನ್ನ ತೋಳು ಬಿಟ್ಟು ಎರಡೂ ಕೈಯಿಂದ ಒತ್ತಿದಳು. ತಮ್ಮನ ಮಗಳು ಕಣ್ಣರಳಿಸಿ ಹಾಳೆಯನ್ನೂ ನಮ್ಮನ್ನೂ ನೋಡಿದಳು.

"ದೊಡ್ಡಪ್ಪನಿಗೆ ಇಷ್ಟು ಜನ ವಿದೇಶದ ಸ್ನೇಹಿತರಿದ್ರು ಅಂತ ಗೊತ್ತೇ ಇರ್ಲಿಲ್ಲ," ಎಂದಳು ಒಮೊನಿಗೆ ಬಗ್ಗಿ. "ತುಂಬಾ ದೂರದಿಂದ ಬಂದ್ರಾ ಅಜ್ಜಿ?"

"ಇಲ್ಲಮ್ಮ," ಎಂದಳು ಒಮೊನಿ. "ಎದುರು ಮನೆಯಿಂದ."